ಶಾಲಾ ಮನೋವಿಜ್ಞಾನ: ಪದವಿಯ ಆಯ್ಕೆಯಲ್ಲಿ ನೋಡಬೇಕಾದ್ದು

ಅಮೆರಿಕದ ಸರ್ಕಾರಿ ಶಾಲೆಗಳಲ್ಲಿ ಮನೋವಿಜ್ಞಾನಿಯಾಗಬೇಕೆನ್ನುವ ವಿದ್ಯಾರ್ಥಿಗಳು ಮೊದಲು ಕೇಳುವುದು, ಸ್ಪೆಷಲಿಸ್ಟ್ ಪದವಿ ಸಾಕೇ, ಡಾಕ್ಟರೇಟ್ ಬೇಕೇ ಎಂದು. ಎರಡು ಹಂತದ ತರಬೇತಿಯ ಯೋಚನೆ, ಶಾಲಾ ಮನೋವಿಜ್ಞಾನವನ್ನು ಕುರಿತು 1954ರಲ್ಲಿ ನಡೆದ ಥೇಯರ್ ಸಮ್ಮೇಳನದಷ್ಟು ಹಳೆಯದು. ಅಮೆರಿಕದ ಶಾಲಾ ಮನೋವಿಜ್ಞಾನಿಗಳ ರಾಷ್ಟ್ರೀಯ ಸಂಘದ ಮಾನದಂಡದಂತೆ ಸ್ಪೆಷಲಿಸ್ಟ್ ಹಂತಕ್ಕೆ ಕನಿಷ್ಠ 60 ಕ್ರೆಡಿಟ್‌ಗಳು, 1,200 ಗಂಟೆಗಳ ಇಂಟರ್ನ್‌ಶಿಪ್. ಡಾಕ್ಟರೇಟಿಗೆ 90 ಕ್ರೆಡಿಟ್‌ಗಳು, 1,500 ಗಂಟೆಗಳು. ಎರಡರಲ್ಲೂ ಕನಿಷ್ಠ 600 ಗಂಟೆ ಶಾಲೆಯಲ್ಲೇ ಕಳೆಯಬೇಕು.

ಶಾಲೆಯೊಳಗಿನ ಕೆಲಸಕ್ಕೆ ಸ್ಪೆಷಲಿಸ್ಟ್ ಪದವಿ ಧಾರಾಳವಾಗಿ ಸಾಕು. ವಿಶ್ವವಿದ್ಯಾಲಯದಲ್ಲಿ ಪಾಠ, ಸಂಶೋಧನೆ, ಅಥವಾ ಸ್ವಂತ ಕ್ಲಿನಿಕ್ ಮನಸ್ಸಿನಲ್ಲಿದ್ದವರು ಡಾಕ್ಟರೇಟಿನ ವರ್ಷಗಳನ್ನೂ ಖರ್ಚನ್ನೂ ಹೊರಬಹುದು. ಬಹುತೇಕ ರಾಜ್ಯಗಳಲ್ಲಿ ಸ್ವತಂತ್ರ ವೃತ್ತಿಗೆ ಅದು ಬೇಕೇ ಬೇಕು. ಮುಂದೆ ಕರ್ನಾಟಕಕ್ಕೆ ಮರಳುವ ಯೋಚನೆಯಿದ್ದವರು ಇನ್ನೊಂದು ಸಂಗತಿಯನ್ನು ಹೊರಡುವ ಮೊದಲೇ ತಿಳಿದಿರಬೇಕು. ಇಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿ ಕೆಲಸ ಮಾಡಲು ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಅಗತ್ಯ. ಅಲ್ಲಿನ ಸ್ಪೆಷಲಿಸ್ಟ್ ಪದವಿಯಿಂದ ಅದು ತಾನಾಗಿ ಬರುವುದಿಲ್ಲ.

ಆದರೆ ಹಂತಕ್ಕಿಂತ ಮುಖ್ಯವಾದ ಪ್ರಶ್ನೆಯೊಂದಿದೆ: ಮನೆಯಲ್ಲಿ ಬೇರೆ ಭಾಷೆ ಆಡುವ ಮಗುವನ್ನು ಪರೀಕ್ಷಿಸುವುದನ್ನು ಈ ಕೋರ್ಸ್ ಕಲಿಸುತ್ತದೆಯೇ? ಕ್ಯಾಲಿಫೋರ್ನಿಯದಲ್ಲಿ ಸ್ಪ್ಯಾನಿಷ್ ಮಾತಾಡುವ ಮಕ್ಕಳಿಗೆ ಇಂಗ್ಲಿಷಿನಲ್ಲಿ ಬುದ್ಧಿಮತ್ತೆ ಪರೀಕ್ಷೆ ಕೊಟ್ಟು ಅವರನ್ನು ಬುದ್ಧಿಮಾಂದ್ಯರ ತರಗತಿಗೆ ಹಾಕಲಾಗಿತ್ತು. ಡಯಾನಾ ಮೊಕದ್ದಮೆ ಎಂದು ಹೆಸರಾದ ಆ ಪ್ರಕರಣ 1970ರಲ್ಲಿ ಒಪ್ಪಂದದಲ್ಲಿ ಮುಗಿಯಿತು. ಮಕ್ಕಳ ಭಾಷೆಯಲ್ಲಿ ಮತ್ತೆ ಪರೀಕ್ಷಿಸಿದಾಗ ಅವರಲ್ಲಿ ಬಹುಪಾಲು ಮಕ್ಕಳ ಅಂಕಗಳು ಆ ತರಗತಿಯ ಮಿತಿಯನ್ನು ದಾಟಿದ್ದವು. 1975ರ ವಿಶೇಷ ಶಿಕ್ಷಣ ಕಾಯ್ದೆ, ಸಾಧ್ಯವಿದ್ದಷ್ಟೂ ಮಗುವಿನ ಮಾತೃಭಾಷೆಯಲ್ಲೇ ಪರೀಕ್ಷೆ ನಡೆಯಬೇಕೆಂದು ವಿಧಿಸಿತು. ಕಾನೂನು ಇದೆ. ಅದನ್ನು ಜಾರಿಗೆ ತರಬೇಕಾದವರು ಮಾತ್ರ ತರಬೇತಿಯಿಂದಲೇ ತಯಾರಾಗಿ ಬರಬೇಕು.

ಕನ್ನಡದ ಮಗುವಿನ ವಿಷಯಕ್ಕೆ ಬರೋಣ. ಓದಿನ ತೊಂದರೆ ಗುರುತಿಸುವ ಇಂಗ್ಲಿಷ್ ಪರೀಕ್ಷೆಗಳಲ್ಲಿ ಪದದ ಮೊದಲ ಧ್ವನಿಯನ್ನು ಬಿಟ್ಟು ಹೇಳು ಎನ್ನುವ ಬಗೆಯ ಪ್ರಶ್ನೆಗಳು ಸಾಮಾನ್ಯ. ಊರಿನಲ್ಲಿ ಎರಡನೇ ತರಗತಿ ಓದಿ ಅಮೆರಿಕಕ್ಕೆ ಹೋದ ಮಗುವಿಗೆ ಅದನ್ನೇ ‘ನಗರ’ ಎಂಬ ಪದ ಕೊಟ್ಟು ಕೇಳಿದರೆ ‘ಗರ’ ಎಂದೀತು. ಪರೀಕ್ಷೆ ಬಯಸುವ ಉತ್ತರ ‘ಅಗರ’. ಕಾಗುಣಿತ ಕಲಿತ ಮಗುವಿಗೆ ‘ನ’ ಒಂದೇ ಘಟಕ. ಅದರೊಳಗಿನ ವ್ಯಂಜನ, ಸ್ವರಗಳನ್ನು ಬಿಡಿಸುವ ಅರಿವು ನಿಧಾನವಾಗಿ ಮೂಡುತ್ತದೆ ಎಂಬುದನ್ನು ಸೊನಾಲಿ ನಾಗ್ ಕನ್ನಡ ಕಲಿಯುವ ಮಕ್ಕಳ ಬಗ್ಗೆ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿದ್ದಾರೆ. ಆ ಮಗುವಿನ ಉತ್ತರದಲ್ಲಿ ಕಾಣುವುದು ಅದು ಓದು ಕಲಿತ ಲಿಪಿಯ ಸ್ವರೂಪ. ಇದನ್ನರಿಯದ ಪರೀಕ್ಷಕರು ಅದನ್ನೇ ಡಿಸ್ಲೆಕ್ಸಿಯಾದ ಸೂಚನೆಯೆಂದು ಬರೆದುಬಿಡಬಹುದು, ಮಗು ವರ್ಷಗಟ್ಟಲೆ ಆ ವರದಿಯನ್ನು ಹೊತ್ತು ನಡೆಯಬೇಕಾದೀತು. ನಿಜವಾದ ತೊಂದರೆಯಿರುವ ಮಗುವನ್ನು ‘ಭಾಷೆ ಹೊಸದು, ಸರಿಹೋಗುತ್ತದೆ’ ಎಂದು ಬಿಟ್ಟುಬಿಡುವುದೂ ಅಷ್ಟೇ ಅನ್ಯಾಯ.

ದ್ವಿಭಾಷಾ ತರಬೇತಿ ಎಂದು ಕೆಲವು ವಿಭಾಗಗಳು ಹೇಳಿಕೊಳ್ಳುವುದು ಬಹುಮಟ್ಟಿಗೆ ಸ್ಪ್ಯಾನಿಷ್ ಮಾತಾಡುವ ಮಕ್ಕಳಿಗಾಗಿ ಇರುವಂಥದ್ದು. ಆದರೂ ಅಲ್ಲಿ ಕಲಿಯುವ ವಿಧಾನ ಕನ್ನಡದ ಮಗುವಿಗೂ ಒದಗುತ್ತದೆ. ಹಾಗಾಗಿ ಅರ್ಜಿ ಹಾಕುವ ಮೊದಲು ವಿಭಾಗದವರನ್ನು ನೇರವಾಗಿ ಕೇಳಬೇಕು: ಇಂಟರ್ನ್‌ಶಿಪ್‌ನ ಶಾಲೆಗಳಲ್ಲಿ ಎಂಥ ಮನೆಗಳ ಮಕ್ಕಳಿದ್ದಾರೆ? ದುಭಾಷಿಯನ್ನು ಜೊತೆಗಿಟ್ಟುಕೊಂಡು ಪರೀಕ್ಷೆ ನಡೆಸುವುದನ್ನು ಯಾರು ಕಲಿಸುತ್ತಾರೆ? ವಿದ್ಯಾರ್ಥಿ ಬರೆದ ವರದಿಯನ್ನು ಸಾಲುಸಾಲಾಗಿ ಓದಿ ತಿದ್ದುವವರು ಯಾರು, ಅವರು ವಾರಕ್ಕೆ ಎಷ್ಟು ಹೊತ್ತು ಸಿಗುತ್ತಾರೆ? ಇವಕ್ಕೆ ಸ್ಪಷ್ಟ ಉತ್ತರ ಕೊಡುವ ಸಾಧಾರಣ ಹೆಸರಿನ ವಿಶ್ವವಿದ್ಯಾಲಯವನ್ನು, ಉತ್ತರಿಸಲಾರದ ದೊಡ್ಡ ಹೆಸರಿನದಕ್ಕಿಂತ ಮೊದಲು ಆರಿಸಿಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ.