ಗೋಡೆ ಕೆಡವುವ ಮುನ್ನ: ನಮ್ಮ ಮನೆಗಳಲ್ಲಿ ಅಡಗಿರುವ ಇತಿಹಾಸ



ಮೇ ತಿಂಗಳು ಬಂತೆಂದರೆ ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ ಕಡೆ ಹಳೆಯ ಮನೆಗಳ ದುರಸ್ತಿ ಶುರು. ಮಳೆಗಾಲದೊಳಗೆ ಹೆಂಚು ಇಳಿಸಬೇಕು, ಉದುರಿದ ಗಾರೆ ಕೆರೆಯಬೇಕು. ಗವಂಡಿಯ ಕೂಲಿ ಉಳಿಯಲೆಂದು ಮನೆಯ ಹುಡುಗರೇ ಬುಟ್ಟಿ ಹೊರುತ್ತಾರೆ. ಆ ಬುಟ್ಟಿಯಲ್ಲಿ ಮಣ್ಣಿನ ಜೊತೆಗೆ ಮನೆಯ ಚರಿತ್ರೆಯೂ ತಿಪ್ಪೆ ಸೇರುವುದುಂಟು.

ಮನೆಯೊಂದು ಏನೆಲ್ಲ ಹೇಳಬಲ್ಲದು ಎಂಬುದಕ್ಕೆ ಕೊಲ್ಹಾಪುರದಲ್ಲೇ ದೊಡ್ಡ ಸಾಕ್ಷಿ ಇದೆ. ಪಂಚಗಂಗಾ ದಂಡೆಯ ಬ್ರಹ್ಮಪುರಿ ದಿಬ್ಬದಲ್ಲಿ 1940ರ ದಶಕದ ಮಧ್ಯದಲ್ಲಿ ಕನ್ನಡದ ವಿದ್ವಾಂಸರಾದ ಪ್ರೊ. ಕೆ. ಜಿ. ಕುಂದಣಗಾರರು ಅಗೆತ ನಡೆಸಿದರು. ಒಂದು ಪುರಾತನ ಮನೆಯ ಅವಶೇಷದಲ್ಲಿ ಕಂಚಿನ ವಸ್ತುಗಳ ರಾಶಿ ಸಿಕ್ಕಿತು. ಅದರಲ್ಲಿ ಗ್ರೀಕರ ಸಮುದ್ರ ದೇವತೆ ಪೊಸೈಡನ್‌ನ ಪುಟ್ಟ ಮೂರ್ತಿಯೂ ಇತ್ತು! ಶಾತವಾಹನರ ಕಾಲದಲ್ಲಿ ನಮ್ಮ ಊರಿಗೂ ರೋಮನ್ ಜಗತ್ತಿಗೂ ವ್ಯಾಪಾರದ ನಂಟಿತ್ತೆಂದು ಅದರಿಂದ ತಿಳಿಯಿತು. 1945-46ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಸಾಂಕಳಿಯಾ ಮತ್ತು ದೀಕ್ಷಿತರು ಅಲ್ಲಿ ಉತ್ಖನನ ಮಾಡಿದರು. ಕೊಲ್ಹಾಪುರದ ಟೌನ್ ಹಾಲ್ ವಸ್ತುಸಂಗ್ರಹಾಲಯದಲ್ಲಿ ಈ ವಸ್ತುಗಳಿಗೆ ಜಾಗ ಸಿಕ್ಕಿದೆ.

ನಮ್ಮ ಮನೆಯಲ್ಲಿ ಪೊಸೈಡನ್ ಸಿಗಲಿಕ್ಕಿಲ್ಲ. ಆದರೆ ಮಂಗಳೂರು ಹೆಂಚು ಸಿಗಬಹುದು. ಅದನ್ನು ತಿರುವಿ ನೋಡಿ, ಕಾರ್ಖಾನೆಯ ಹೆಸರು ಒತ್ತಿರುತ್ತದೆ. ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಮೊದಲನೇ ಮಹಾಯುದ್ಧದ ನಂತರ ಅದು ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋಯಿತು. ಹೀಗಾಗಿ ಹೆಸರು ನೋಡಿದರೆ ಹೆಂಚಿನ ಕಾಲ ಅಂದಾಜಾಗುತ್ತದೆ. ಒಂದು ಎಚ್ಚರ: ಹೆಂಚಿನ ವಯಸ್ಸೇ ಮನೆಯ ವಯಸ್ಸಲ್ಲ. ಹಳೆಯ ಗೋಡೆಗೆ ಹೊಸ ಹೆಂಚು ಹೊದಿಸಿರಬಹುದು, ಬೇರೆ ಮನೆಯ ಹೆಂಚನ್ನು ತಂದು ಹಾಕಿರಲೂಬಹುದು.

ಇಚಲಕರಂಜಿಯ ನೇಕಾರರ ಮನೆಯಾದರೆ ನೆಲ ನೋಡಿ. ಅಲ್ಲಿ ಮೊದಲ ವಿದ್ಯುತ್ ಮಗ್ಗ ಬಂದದ್ದು 1904ರಲ್ಲಿ, ವಿಠ್ಠಲರಾವ್ ದಾತಾರರಿಂದ. ಅದಕ್ಕೂ ಮೊದಲು ಕೈಮಗ್ಗವೇ ಆಧಾರ. ಫರಸಿ ಕೆಳಗೆ ಮುಚ್ಚಿದ ಕುಣಿ ಕಂಡರೆ, ಅಜ್ಜ ಕಾಲು ಇಳಿಬಿಟ್ಟು ಕೂತು ನೇಯುತ್ತಿದ್ದ ಜಾಗ ಅದೇ ಇರಬಹುದು.

ಎಲ್ಲಕ್ಕಿಂತ ಬೇಗ ಹಾಳಾಗುವುದು ಕಾಗದ. ಗೋಡೆಯ ಗೂಡಿನಲ್ಲಿ, ಅಟ್ಟದ ಟ್ರಂಕಿನಲ್ಲಿ ಮೋಡಿ ಲಿಪಿಯ ಪತ್ರಗಳಿರುತ್ತವೆ. ಓದಲು ಬಾರದೆಂದು ಅವನ್ನು ಒಲೆಗೆ ಹಾಕುವವರೇ ಹೆಚ್ಚು. ಮನೆಯ ಮಾತು ಕನ್ನಡ, ದರಬಾರದ ಬರಹ ಮರಾಠಿ: ಗಡಿನಾಡಿನ ನಮ್ಮ ಹಿರಿಯರ ಬದುಕು ಎರಡರಲ್ಲೂ ನಡೆಯಿತು. ಗಡಹಿಂಗ್ಲಜದ ಮನೆಯೊಂದು ಕದಲದೆ ನಿಂತಲ್ಲೇ ಕೊಲ್ಹಾಪುರ ಸಂಸ್ಥಾನದಲ್ಲಿತ್ತು, 1949ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು, 1960ರಲ್ಲಿ ಮಹಾರಾಷ್ಟ್ರಕ್ಕೆ ಬಂತು. ಭೂಮಿ ಯಾರದು, ಸಾಲ ಎಷ್ಟಿತ್ತು, ಸೊಸೆ ಯಾವ ಊರಿನವಳು ಎಂಬುದನ್ನೆಲ್ಲ ಆ ಹಾಳೆಗಳೇ ಹೇಳಬೇಕು. ಸುಟ್ಟರೆ ಮತ್ತೆ ಯಾರನ್ನು ಕೇಳುವುದು?

ಆದ್ದರಿಂದ ಕೆಲಸಕ್ಕೆ ಮೊದಲು ಇಷ್ಟು ಮಾಡಿ. ಪ್ರತಿ ಗೋಡೆ, ಕಂಬ, ತೊಲೆಯ ಫೋಟೋ ತೆಗೆಯಿರಿ. ಸುಣ್ಣದ ಪದರ ಒಂದು ಮೂಲೆಯಲ್ಲಿ ಹಾಗೇ ಇರಲಿ. ಸಿಕ್ಕ ವಸ್ತುವಿನ ಮೇಲೆ ಎಲ್ಲಿ, ಯಾವಾಗ ಸಿಕ್ಕಿತೆಂದು ಚೀಟಿ ಅಂಟಿಸಿ. ಮೋಡಿ ಪತ್ರಗಳನ್ನು ಒಣ ಬಟ್ಟೆಯಲ್ಲಿ ಸುತ್ತಿಟ್ಟು, ಕೊಲ್ಹಾಪುರದ ಪುರಾಭಿಲೇಖಾಗಾರದಲ್ಲಿ ವಿಚಾರಿಸಿ. ನೆಲದಲ್ಲಿ ಹೂತಿಟ್ಟ ನಾಣ್ಯ, ಒಡವೆ ಸಿಕ್ಕರೆ ಮುಚ್ಚಿಡಬೇಡಿ. 1878ರ ನಿಧಿ ಕಾಯಿದೆಯಂತೆ 10 ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿಯನ್ನು ಕಲೆಕ್ಟರರಿಗೆ ತಿಳಿಸಲೇಬೇಕು.

ಇನ್ನೊಂದು ಮಾತು. ಮನೆಯ ಅಜ್ಜಿಯನ್ನು ಕುರ್ಚಿ ಹಾಕಿ ಪಡಸಾಲೆಯಲ್ಲಿ ಕೂರಿಸಿ, ಮೊಬೈಲಿನಲ್ಲಿ ಅವರ ಮಾತು ರೆಕಾರ್ಡ್ ಮಾಡಿ. ಮುಚ್ಚಿದ ಬಾಗಿಲು ಯಾಕೆ ಮುಚ್ಚಿತು, ಯಾವ ಕೋಣೆಯಲ್ಲಿ ಯಾರು ಹುಟ್ಟಿದರು ಎಂಬುದು ಇಟ್ಟಿಗೆಗೆ ಗೊತ್ತಿಲ್ಲ, ಅವರಿಗೆ ಗೊತ್ತು. ಗೋಡೆ ಮತ್ತೆ ಕಟ್ಟಬಹುದು. ಅಜ್ಜಿಯ ನೆನಪನ್ನು ಈ ರಜೆಯಲ್ಲೇ ಬರೆದಿಡಬೇಕು.