ತಿಪಟೂರು ತೆಂಗಿನ ತಾಯಿಮರ

ತಿಪಟೂರಿನ ಉಂಡೆಕೊಬ್ಬರಿಯನ್ನು ತಾವು ಬಲ್ಲಿರಿ. ಅದರ ತಳಿ ರೂಪುಗೊಂಡ ಬಗೆಯನ್ನು ಬಲ್ಲಿರಾ? ಕಾಸರಗೋಡಿನಲ್ಲಿ ತೆಂಗಿನ ಸಂಶೋಧನೆ ಮೊದಲಾದದ್ದು 1916ರಲ್ಲಿ. ನೀಲೇಶ್ವರದಲ್ಲಿ ಜೆ. ಎಸ್. ಪಟೇಲರು ಎತ್ತರದ ತೆಂಗಿಗೂ ಗಿಡ್ಡ ತೆಂಗಿಗೂ ಸಂಕರ ಮಾಡಿದ್ದು 1932ರಲ್ಲಿ. ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಒಕ್ಕಲು ಮಕ್ಕಳು ಅದಕ್ಕೂ ಹಿಂದಿನಿಂದ ಹಿತ್ತಿಲಲ್ಲೇ ಬೀಜ ಆರಿಸುತ್ತ ಬಂದವರು. ಮಳೆ ಕೈಕೊಟ್ಟ ವರ್ಷವೂ ಗೊನೆ ಹಿಡಿದದ್ದು ತಾಯಿಮರ. ತಿಂಗಳುಗಟ್ಟಲೆ ಅಟ್ಟದಲ್ಲಿದ್ದು ಒಳಗೇ ಗಟ್ಟಿ ಕೊಬ್ಬರಿಯಾಗುವ ಕಾಯಿ ಕೊಡುವುದು ಅದರ ಇನ್ನೊಂದು ಗುಣ.

ತೆಂಗಿಗೆ ಮಾವಿನಂತೆ ಕಸಿ ಕಟ್ಟಲಾಗದು. ಎತ್ತರದ ತೆಂಗಿಗೆ ಪರಾಗ ಬರುವುದೂ ಹೆಚ್ಚಾಗಿ ನೆರೆಯ ಮರದಿಂದ. ತಾಯಿಯನ್ನು ಆರಿಸಬಹುದು, ತಂದೆಯನ್ನಲ್ಲ! ಫಲಕ್ಕೆ ಆರೆಂಟು ವರ್ಷ ಬೇಕು. ಅಪ್ಪನ ಆಯ್ಕೆ ಸರಿಯೋ ತಪ್ಪೋ ಎಂಬುದು ಎಷ್ಟೋ ಸಲ ಮಗನ ಕಾಲಕ್ಕೆ ತಿಳಿಯುವುದು. ಪಟ್ಟಣದ ಹಿತ್ತಿಲಿಗೆ ಸಸಿ ತರುವಾಗ ತಾವೂ ಅದರ ತಾಯಿಮರವನ್ನು ವಿಚಾರಿಸಿ.