ಮೂರನೇ ಕೂಗಿಗೂ ಮುಗಿಯದ ಹರಾಜು



ಮುಂಬಯಿಯ ಮರಾಠಿ ಪತ್ರಿಕೆಗಳ ಒಳಪುಟದಲ್ಲಿ ‘ಜಾಹೀರ್ ಲಿಲಾವ್’ ಎಂಬ ತಲೆಬರಹದ, ಇರುವೆ ಸಾಲಿನಂಥ ಅಕ್ಷರಗಳ ಜಾಹೀರಾತನ್ನು ನೀವೂ ನೋಡಿರುತ್ತೀರಿ. ಈ ‘ಲಿಲಾವ್’ ಪೋರ್ಚುಗೀಸರ ‘ಲೆಯ್ಲಾಂವ್’ನಿಂದ ಬಂದ ಮಾತು. ನಮ್ಮ ಕರಾವಳಿಯ ದೇವಸ್ಥಾನಗಳಲ್ಲಿ ಹರಕೆಯ ಬಾಳೆಗೊನೆಯನ್ನು ‘ಏಲಂ’ ಹಾಕುತ್ತಾರಲ್ಲ, ಅದೂ ಅದೇ ಮನೆತನದ್ದು. ‘ಹರಾಜು’ ಅರಬ್ಬಿ ಮೂಲದ್ದು. ಅಂತೂ ಸಾಲಕ್ಕೆ ಹೋದ ಆಸ್ತಿ ಮಾರುವ ಕೆಲಸಕ್ಕೆ ಹೆಸರನ್ನೂ ನಾವು ಸಾಲವಾಗಿಯೇ ತಂದಿದ್ದೇವೆ!

ಬಾಳೆಗೊನೆಯಾದರೆ ಮೂರನೇ ಕೂಗಿಗೆ ನಿಮ್ಮದು. ಮನೆ ಹಾಗಲ್ಲ. ಸಾಲ ಮಾಡಿದವನ ಕೈಯಿಂದ ಅದು ನಿಜವಾಗಿ ಜಾರುವುದು ಯಾವ ಗಳಿಗೆಯಲ್ಲಿ? ಕೂಗಿದವನದಾಗುವುದು ಯಾವಾಗ? ಈ ಒಂದೇ ಪ್ರಶ್ನೆಯನ್ನು ನಮ್ಮ ಕಾನೂನು ನೂರಕ್ಕೂ ಹೆಚ್ಚು ವರ್ಷಗಳಿಂದ ತಿರುವಿ ತಿರುವಿ ನೋಡಿದೆ. ದೊಡ್ಡ ತೀರ್ಮಾನಗಳಲ್ಲಿ ಎರಡು ಈ ಮುಂಬಯಿಯ ಜಗಳಗಳಿಂದಲೇ ಹುಟ್ಟಿದವು.

ಆಸ್ತಿ ವರ್ಗಾವಣೆ ಕಾಯಿದೆ ಬಂದದ್ದು 1882ರಲ್ಲಿ. ಮುಂಬಯಿ ಪ್ರಾಂತಕ್ಕೆ ಅದು ಅನ್ವಯವಾದದ್ದು 1893ರಲ್ಲಿ. ಅದರ 60ನೇ ಕಲಮು ಸಾಲಗಾರನ ಪಾಲಿನ ದೇವರು: ದುಡ್ಡು ಕಟ್ಟಿದರೆ ಅಡವು ಬಿಡಿಸಿಕೊಳ್ಳುವ ಹಕ್ಕು ಅವನಿಗುಂಟು. ಆದರೆ 69ನೇ ಕಲಮಿನಲ್ಲಿ ಮುಂಬಯಿ, ಕಲ್ಕತ್ತಾ, ಮದರಾಸಿನಂಥ ಪಟ್ಟಣಗಳಿಗೆ ಒಂದು ಬೇರೆ ಪಂಕ್ತಿ ಹಾಕಿದರು. ಪತ್ರದಲ್ಲಿ ಹಾಗೆಂದು ಬರೆದಿದ್ದರೆ, ಮೂರು ತಿಂಗಳ ನೋಟಿಸು ಕೊಟ್ಟು, ಸಾಲ ಕೊಟ್ಟವನು ಕೋರ್ಟಿನ ಮೆಟ್ಟಿಲು ಹತ್ತದೆಯೇ ಆಸ್ತಿ ಮಾರಬಹುದು. ಹಳ್ಳಿಯ ರೈತನಿಗೆ ಕೋರ್ಟಿನ ನೆರಳಾದರೂ ಇತ್ತು. ವ್ಯಾಪಾರದ ಊರಿಗೆ ವ್ಯಾಪಾರದ ಅವಸರ ಎಂದು ಬ್ರಿಟಿಷರು ಲೆಕ್ಕ ಹಾಕಿರಬೇಕು.

ಕೋರ್ಟಿಗೆ ಹೋದವರಿಗೆ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆ ಇತ್ತು, ಈಗಲೂ ಇದೆ. ಕೂಗು ಮುಗಿದ ಕೂಡಲೇ ಕಾಲು ಭಾಗ ಹಣ, ಹದಿನೈದು ದಿನದೊಳಗೆ ಉಳಿದದ್ದು. ಹೈಕೋರ್ಟಿನಲ್ಲಿ ಜಪ್ತಿ, ಹರಾಜಿನ ಕೆಲಸ ಶೆರೀಫರ ಕಚೇರಿಯದು. ಶೆರೀಫ್ ಎಂದರೆ ನಮಗೆ ನೆನಪಾಗುವುದು 1980ರಲ್ಲಿ ಆ ಪದವಿಯಲ್ಲಿದ್ದ ದಿಲೀಪ್ ಕುಮಾರ್. ಪದವಿ ಅಲಂಕಾರದ್ದಾದರೂ ಆ ಕಚೇರಿ ಮನೆಗಳನ್ನಲ್ಲ, ಬಾಕಿ ತೀರಿಸದ ಹಡಗುಗಳನ್ನೂ ಹರಾಜಿಗಿಟ್ಟಿದೆ. ಈ ಸಂಹಿತೆಯಲ್ಲಿ ನನಗೆ ಬಹಳ ಹಿಡಿಸಿದ ಒಂದು ನಿಯಮವಿದೆ. ಹರಾಜಾದ ಮೇಲೂ ಮನೆಯವನು ಅರವತ್ತು ದಿನದೊಳಗೆ ಸಾಲದ ಮೊತ್ತ ಕಟ್ಟಿ, ಜೊತೆಗೆ ಕೂಗಿದವನಿಗೆ ಬೆಲೆಯ ಶೇಕಡಾ 5ರಷ್ಟು ಕೊಟ್ಟರೆ ಹರಾಜು ರದ್ದು. ಆಸೆಪಟ್ಟು ಬಂದವನಿಗೆ ಒಂದಿಷ್ಟು ಸಮಾಧಾನ, ಮನೆಯವನಿಗೆ ಮನೆ!

ಹಾಗಾದರೆ ಕೋರ್ಟಿಲ್ಲದೆ ನಡೆಯುವ ಮುಂಬಯಿ ಮಾದರಿಯ ಹರಾಜಿನಲ್ಲಿ? ನರನ್‌ದಾಸ್ ಕರ್ಸೊಂದಾಸ್ ಪ್ರಕರಣದಲ್ಲಿ ಈ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಯಿತು. 1976ರ ತೀರ್ಪು ಸ್ಪಷ್ಟವಾಗಿತ್ತು: ಹರಾಜಿನಲ್ಲಿ ಕೂಗಿದ್ದು ಬರೀ ಕರಾರು, ಕ್ರಯಪತ್ರ ಆಗುವವರೆಗೂ ಬಿಡಿಸಿಕೊಳ್ಳುವ ಹಕ್ಕು ಬದುಕಿರುತ್ತದೆ. ಸಾಲಗಾರನಿಗೆ ಕೊನೆಯ ಉಸಿರಿನವರೆಗೂ ಅವಕಾಶ. ಕೂಗಿದವನಿಗೆ ಕೈಗೆ ಬಂದ ತುತ್ತು ಬಾಯಿಗೆ ಬರುವ ಭರವಸೆ ಇಲ್ಲ. ಇಂಥ ಅನುಮಾನವಿದ್ದಲ್ಲಿ ಯಾರು ತಾನೇ ಪೂರ್ತಿ ಬೆಲೆ ಕೂಗುತ್ತಾರೆ? ಹರಾಜಿನ ಮನೆ ಅಗ್ಗ ಎಂಬ ಮಾತಿನ ಒಂದು ಬೇರು ಇಲ್ಲಿದೆ.

1993ರಲ್ಲಿ ಸಾಲ ವಸೂಲಿ ನ್ಯಾಯಮಂಡಳಿಗಳ ಕಾಯಿದೆ ಬಂತು. ಬ್ಯಾಂಕುಗಳಿಗೆ ಅದೂ ನಿಧಾನವೆನಿಸಿತು. ದೊಡ್ಡ ತಿರುವು 2002ರ ಸರ್ಫೇಸಿ ಕಾಯಿದೆ. ಮುಂಬಯಿಗಿದ್ದ ಹಳೆಯ ಅವಸರವನ್ನು ಇದು ದೇಶಕ್ಕೆಲ್ಲ ಹಂಚಿತು ಎನ್ನಬಹುದು. ಅರವತ್ತು ದಿನದ ನೋಟಿಸು, ಆಮೇಲೆ ಬಾಗಿಲಿಗೆ ಚೀಟಿ, ಪತ್ರಿಕೆಯಲ್ಲಿ ಪ್ರಕಟಣೆ, ಹರಾಜು. ದೂರು ಹೇಳಬೇಕಾದರೆ ಮೊದಲು ಬಾಕಿಯ ಶೇಕಡಾ 75 ಕಟ್ಟಬೇಕು ಎಂಬ ಷರತ್ತೂ ಇತ್ತು. ಇದ್ದಿದ್ದರೆ ಸಾಲವನ್ನೇ ಕಟ್ಟುತ್ತಿರಲಿಲ್ಲವೇ! ಮರ್ಡಿಯಾ ಕೆಮಿಕಲ್ಸ್ ಪ್ರಕರಣದಲ್ಲಿ 2004ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಕಾಯಿದೆಯನ್ನು ಎತ್ತಿಹಿಡಿದು, ಆ ಷರತ್ತನ್ನು ಕಿತ್ತುಹಾಕಿತು.

ಮುಂಬಯಿ ಕನ್ನಡಿಗರಿಗೆ ಇದರಲ್ಲಿ ಇನ್ನೊಂದು ಮಾತಿದೆ. ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದ ನಮ್ಮವರಲ್ಲಿ ಅನೇಕರ ವ್ಯವಹಾರ ಸಹಕಾರಿ ಬ್ಯಾಂಕಿನ ಜೊತೆ. ಅಲ್ಲಿ ಮ್ಯಾನೇಜರು ಊರಿನವರು, ಒಂದೆರಡು ಕಂತು ಹಿಂದೆ ಬಿದ್ದರೆ ಮಾತಾಡಿ ಸರಿಮಾಡಬಹುದು ಎಂಬ ಧೈರ್ಯ. ಮಾತಾಡಬಹುದು, ಸರಿ. ಆದರೆ ಕಾಯಿದೆ ಮಾತ್ರ ಒಂದೇ: ಸಹಕಾರಿ ಬ್ಯಾಂಕುಗಳಿಗೂ ಸರ್ಫೇಸಿ ಅನ್ವಯ ಎಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2020ರ ಮೇ ತಿಂಗಳಲ್ಲಿ ಹೇಳಿಬಿಟ್ಟಿದೆ.

ಈಗ ಆ ಹಳೆಯ ಪ್ರಶ್ನೆಗೆ ಬರೋಣ. 2016ರಲ್ಲಿ ಕಾಯಿದೆ ತಿದ್ದಿ, ಹರಾಜಿನ ಪ್ರಕಟಣೆ ಹೊರಬೀಳುವ ಮೊದಲೇ ಬಾಕಿ ತೀರಿಸಬೇಕು ಎಂದರು. ಅದರ ನಿಜವಾದ ಪರೀಕ್ಷೆ ನಡೆದದ್ದು ಠಾಣೆ ಖಾಡಿಯಾಚೆಯ ಕೈಗಾರಿಕಾ ಪ್ರದೇಶದ ಒಂದು ಜಾಗದ ವಿಷಯದಲ್ಲಿ. ಬಾಫ್ನಾ ಮೋಟರ್ಸ್ ಕಂಪನಿ ಯೂನಿಯನ್ ಬ್ಯಾಂಕಿಗೆ ಅಡವಿಟ್ಟಿದ್ದ ಆ ಜಾಗವನ್ನು 2023ರ ಜೂನ್‌ನಲ್ಲಿ ಸೆಲಿರ್ ಎಂಬ ಸಂಸ್ಥೆ 105.05 ಕೋಟಿ ರೂಪಾಯಿಗೆ ಕೂಗಿತು. ಸಾಲಗಾರ ಕಂಪನಿ ಹಿಂದೆಯೇ ಬಂದು, ಬಿಡಿಸಿಕೊಳ್ಳುತ್ತೇನೆ ಎಂದಿತು. 129 ಕೋಟಿ ಕಟ್ಟಿದರೆ ಆಗಬಹುದು ಎಂದಿತು ಬಾಂಬೆ ಹೈಕೋರ್ಟು. ಸೆಪ್ಟೆಂಬರ್ 21ರಂದು ಸುಪ್ರೀಂ ಕೋರ್ಟು ಆ ಆದೇಶವನ್ನು ತಳ್ಳಿಹಾಕಿತು: ಪ್ರಕಟಣೆ ಬಂದ ದಿನವೇ ಹಕ್ಕು ಮುಗಿಯಿತು. ಕೂಗಿದ ಸಂಸ್ಥೆಯೂ 23.95 ಕೋಟಿ ಹೆಚ್ಚಿಗೆ ಕಟ್ಟಬೇಕಾಯಿತೆನ್ನಿ.

1976ರಲ್ಲಿ ಕ್ರಯಪತ್ರದ ದಿನದವರೆಗೂ ಇದ್ದ ಬಾಗಿಲು ಸರ್ಫೇಸಿ ಹರಾಜಿನ ಮಟ್ಟಿಗೆ ಈಗ ಜಾಹೀರಾತಿನ ದಿನವೇ ಮುಚ್ಚುತ್ತದೆ. ಕೂಗುವವನಿಗೆ ಭದ್ರತೆ ಬೇಕು, ನಿಜ. ಇಲ್ಲದಿದ್ದರೆ ಬೆಲೆ ಬಾರದೆ ಸಾಲಗಾರನಿಗೇ ನಷ್ಟ. ಆದರೂ ಡೊಂಬಿವಲಿಯ ಒಂದು ಬೆಡ್‌ರೂಮಿನ ಮನೆಯನ್ನು ನೂರು ಕೋಟಿಯ ಪ್ಲಾಟಿನ ಜೊತೆ ಒಂದೇ ತಕ್ಕಡಿಯಲ್ಲಿ ಇಡುವುದು ನನಗೆ ಒಪ್ಪಿಗೆಯಾಗುವುದಿಲ್ಲ. ಹಳೆಯ ಸಂಹಿತೆಯ ಆ ಶೇಕಡಾ 5ರ ಏರ್ಪಾಡು ವಾಸದ ಮನೆಗಾದರೂ ಇರಬಹುದಿತ್ತು.

ಕೂಗುವವರಿಗೂ ಹಾಸಿಗೆ ಹೂವಿನದಲ್ಲ. ಕಾಲು ಭಾಗ ಕಟ್ಟಿ ಉಳಿದದ್ದು ಹೊಂದಿಸಲಾಗದಿದ್ದರೆ ಆ ಕಾಲು ಭಾಗ ಪೂರ್ತಿ ಹೋದಂತೆಯೇ ಎಂದು 2024ರ ಫೆಬ್ರವರಿಯಲ್ಲಿ ತೀರ್ಪಾಗಿದೆ. ‘ಇದ್ದಲ್ಲಿ, ಇದ್ದ ಹಾಗೆ’ ಕೊಂಡದ್ದರಿಂದ ಹಳಬರ ವಿದ್ಯುತ್ ಬಾಕಿಯೂ ಹೊಸಬರ ತಲೆಗೆ ಬರಬಹುದು; ಅದು 2023ರ ಮೇ ತಿಂಗಳ ತೀರ್ಪು. ಗೆದ್ದ ಸೆಲಿರ್ ಸಂಸ್ಥೆಯಾದರೋ ಜಾಗದ ಸ್ವಾಧೀನಕ್ಕಾಗಿ ನ್ಯಾಯಾಲಯ ನಿಂದನೆಯ ಅರ್ಜಿ ಹಿಡಿದು ಮತ್ತೆ ದೆಹಲಿಗೆ ಹೋಗಬೇಕಾಯಿತು. ಜಾಗ ಬಿಟ್ಟುಕೊಡಿ ಎಂಬ ಆದೇಶ ಸಿಕ್ಕಿದಾಗ 2024ರ ಡಿಸೆಂಬರ್ ಬಂದಿತ್ತು.